ನೋವು ಹೋಯಿತು, ಗಾಯ ಮಾಯಿತೇ?

ಇಂದು ನಾನು ನಿಮ್ಮೊಂದಿಗೆ ಮಂಡಿಯ ಬಗ್ಗೆ ನಾಲ್ಕು ಮಾತು ಆಡಲು ಬಂದಿದ್ದೇನೆ. ಮಂಡಿನೋವು ಎಂದ ಕೂಡಲೇ ನಿಮಗೆ ಮನೆಯ ಅಜ್ಜಿಯ ನೆನಪಾಗಬಹುದು. ಆದರೆ ನಾನು ಹೇಳಹೊರಟಿರುವುದು ಹದಿನಾಲ್ಕು, ಹದಿನಾರು ವಯಸ್ಸಿನವರ ಮಂಡಿಯ ವಿಚಾರ. ಅದರಲ್ಲೂ ಬ್ಯಾಸ್ಕೆಟ್‌ಬಾಲ್ ಆಡುವವರ ಮಂಡಿಯ ವಿಚಾರ.

ಕೊರಟಗೆರೆ ತಾಲ್ಲೂಕಿನ ಹೊಳವನಹಳ್ಳಿಯಂಥ ಊರಿನ ಒಬ್ಬ ಹುಡುಗಿಯನ್ನು ಕಲ್ಪಿಸಿಕೊಳ್ಳಿ. ಹತ್ತನೆಯ ತರಗತಿ. ಆಟದ ಅಂಗಳವೆಂದರೆ ಗಟ್ಟಿ ಮಣ್ಣಿನ ನೆಲ, ಎರಡು ಕಬ್ಬಿಣದ ಕಂಬ, ಬಲೆ ಹರಿದುಹೋದ ಎರಡು ಬಳೆ. ಆದರೂ ಅವಳ ತಂಡ ತಾಲ್ಲೂಕು ಮಟ್ಟದಲ್ಲಿ ಗೆದ್ದಿದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕುಗಳು ಸೇರಿದ ಮಧುಗಿರಿ ಶೈಕ್ಷಣಿಕ ಜಿಲ್ಲೆಯ ಪಂದ್ಯಕ್ಕೆ ಇನ್ನು ಇಪ್ಪತ್ತು ದಿನ ಇದೆ. ಒಂದು ಸಂಜೆ ಅಭ್ಯಾಸದಲ್ಲಿ ಅವಳು ಎಗರಿ ಚೆಂಡು ಹಿಡಿದಳು, ಒಂದೇ ಕಾಲಿನ ಮೇಲೆ ಇಳಿದಳು, ಇಳಿದವಳೇ ಪಕ್ಕಕ್ಕೆ ತಿರುಗಿದಳು. ಮಂಡಿಯೊಳಗೆ 'ಟಪ್' ಎಂದಿತು. ಯಾರೂ ತಳ್ಳಿರಲಿಲ್ಲ, ಯಾರೂ ತಾಗಿರಲಿಲ್ಲ. ಮನೆ ಸೇರುವ ಹೊತ್ತಿಗೆ ಮಂಡಿ ಊದಿಕೊಂಡಿತ್ತು. ಹತ್ತು ದಿನಗಳಲ್ಲಿ ಊತ ಇಳಿಯಿತು, ನೋವು ಕಡಿಮೆಯಾಯಿತು. ಹನ್ನೊಂದನೆಯ ದಿನ ಅವಳು ಮೈದಾನಕ್ಕೆ ಬಂದು ಕೇಳುತ್ತಾಳೆ: "ಸಾರ್, ಈಗ ನೋವಿಲ್ಲ. ಆಡಲಾ?"

ಅವಳ ಈ ಪ್ರಶ್ನೆಗೆ ಸರಿಯಾದ ಉತ್ತರವೇನು ಎಂಬುದೇ ನಮ್ಮ ಇಂದಿನ ವಿಷಯ.

ಈ ಪ್ರಶ್ನೆಯನ್ನು ನಾನೂ ಒಮ್ಮೆ ಕೇಳಿದ್ದೆ. ಕಾಲೇಜಿನ ತಂಡದಲ್ಲಿ ಆಡುತ್ತಿದ್ದ ದಿನಗಳು ಅವು. ಮಂಡಿ ತಿರುಚಿಕೊಂಡಿತು. ಬಿಸಿ ಎಣ್ಣೆ ಹಚ್ಚಿ ತಿಕ್ಕಿಸಿಕೊಂಡೆ, ಬಿಗಿಯಾಗಿ ಬಟ್ಟೆ ಸುತ್ತಿದೆ. ಮೂರನೆಯ ವಾರ ನೋವಿಲ್ಲ ಎಂದು ಹೇಳಿ ಆಡಲು ಇಳಿದೆ. ಯಾರೂ ಒತ್ತಾಯ ಮಾಡಿರಲಿಲ್ಲ. ನನ್ನ ಜಾಗ ಬೇರೆಯವನಿಗೆ ಹೋಗಿಬಿಡುತ್ತದೆ ಎಂಬ ಭಯ ನನ್ನದೇ. ಎರಡನೆಯ ಪಂದ್ಯದಲ್ಲಿ ಮಂಡಿ ಮತ್ತೆ ಜಾರಿತು. ಆಮೇಲೆ ನಾನು ಪಂದ್ಯ ಆಡಲಿಲ್ಲ. ಇಂದಿಗೂ ಮದುವೆ ಮನೆಯ ಪಂಕ್ತಿಯಲ್ಲಿ ಎಲ್ಲರೊಡನೆ ನೆಲದ ಮೇಲೆ ಕೂತು ಊಟ ಮಾಡಲಾರೆ. ನನಗೊಂದು ಕುರ್ಚಿ ಬೇಕು. ಮೂರು ವಾರದ ಆತುರಕ್ಕೆ ನಾನು ತೆತ್ತ ಬೆಲೆ ಅದು. ನೀವು ಆ ಬೆಲೆ ತೆರಬಾರದು ಎಂಬುದೇ ನನ್ನ ಆಸೆ.

ಮೊದಲು ಮಂಡಿ ಎಂದರೆ ಏನೆಂದು ನೋಡೋಣ. ಮೇಲೆ ತೊಡೆಯ ಮೂಳೆ, ಕೆಳಗೆ ಕಣಕಾಲಿನ ಮೂಳೆ, ಮುಂದೆ ಮಂಡಿಚಿಪ್ಪು. ಮೂಳೆಗಳ ನಡುವೆ ಅರ್ಧಚಂದ್ರದ ಆಕಾರದ ಎರಡು ಮೆತ್ತೆಗಳಿವೆ. ಮೂಳೆಗಳನ್ನು ಒಂದಕ್ಕೊಂದು ಕಟ್ಟಿ ಹಿಡಿಯಲು ನಾಲ್ಕು ಮುಖ್ಯ ಅಸ್ಥಿರಜ್ಜುಗಳಿವೆ: ಎಡಕ್ಕೊಂದು, ಬಲಕ್ಕೊಂದು, ಮತ್ತು ಒಳಗೆ ಗುಣಾಕಾರ ಚಿಹ್ನೆಯಂತೆ ಒಂದನ್ನೊಂದು ದಾಟಿ ಹೋಗುವ ಎರಡು. ಒಳಗಿನ ಎರಡರಲ್ಲಿ ಮುಂದಿನದನ್ನು ವೈದ್ಯರು ಎ.ಸಿ.ಎಲ್. ಎನ್ನುತ್ತಾರೆ. ಅದು ಸುಮಾರು ಮೂರು ಸೆಂಟಿಮೀಟರ್ ಉದ್ದದ, ಕಿರುಬೆರಳಿನಷ್ಟು ದಪ್ಪದ ಹುರಿ. ಕಣಕಾಲಿನ ಮೂಳೆ ಮುಂದಕ್ಕೆ ಜಾರದಂತೆ, ಅಡ್ಡ ತಿರುಚದಂತೆ ಹಿಡಿದಿಡುವುದು ಅದರ ಕೆಲಸ.

ಈ ಹುರಿ ಹರಿಯುವ ಬಗೆ ವಿಚಿತ್ರವಾದದ್ದು. ಎದುರಾಳಿ ಡಿಕ್ಕಿ ಹೊಡೆದು ಹರಿಯುವುದಕ್ಕಿಂತ ತಾನಾಗಿ ಹರಿಯುವುದೇ ಹೆಚ್ಚು. ಹತ್ತು ಸಲದಲ್ಲಿ ಸುಮಾರು ಏಳು ಸಲ ಯಾರ ತಾಗುವಿಕೆಯೂ ಇರುವುದಿಲ್ಲ: ಎಗರಿ ಇಳಿಯುವಾಗ, ಓಡುತ್ತಾ ಥಟ್ಟನೆ ನಿಲ್ಲುವಾಗ, ಕಾಲೂರಿ ದಿಕ್ಕು ಬದಲಿಸುವಾಗ. ಬ್ಯಾಸ್ಕೆಟ್‌ಬಾಲ್ ಎಂದರೆ ಈ ಮೂರರ ಮೊತ್ತವೇ ಅಲ್ಲವೇ? ಇದೇ ಆಟದಲ್ಲಿ ಹುಡುಗರಿಗಿಂತ ಹುಡುಗಿಯರಿಗೆ ಈ ಪೆಟ್ಟು ಎರಡು ಮೂರು ಪಟ್ಟು ಹೆಚ್ಚಾಗಿ ಆಗುತ್ತದೆ ಎಂಬುದೂ ಅಧ್ಯಯನಗಳಿಂದ ತಿಳಿದಿದೆ. ಹಾಗೆಂದು ಹುಡುಗಿಯರು ಆಡಬಾರದು ಎಂದಲ್ಲ. ಅವರಿಗೆ ಇಳಿಯುವುದನ್ನು ಇನ್ನಷ್ಟು ಚೆನ್ನಾಗಿ ಕಲಿಸಬೇಕು ಎಂದರ್ಥ.

ಒಂದು ಕುತೂಹಲದ ಸಂಗತಿ ಹೇಳುತ್ತೇನೆ. 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಶಿಕ್ಷಕರು ಹಣ್ಣಿನ ಎರಡು ಬುಟ್ಟಿಗಳನ್ನು ಹತ್ತು ಅಡಿ ಎತ್ತರಕ್ಕೆ ಹೊಡೆದು ಈ ಆಟ ಹುಟ್ಟುಹಾಕಿದರು. ಚೆಂಡು ಹಿಡಿದು ಓಡಬಾರದು ಎಂದು ಅವರು ನಿಯಮ ಮಾಡಿದ್ದು ಏಕೆ ಗೊತ್ತೇ? ಓಡುವವನಿದ್ದರೆ ಅವನನ್ನು ಕೆಡವುವವನೂ ಇರುತ್ತಾನೆ, ಕೈಕಾಲು ಮುರಿಯುತ್ತದೆ ಎಂದು. ಅದೇ ನೈಸ್ಮಿತ್ 1898ರಲ್ಲಿ ವೈದ್ಯ ಪದವಿಯನ್ನೂ ಪಡೆದರು. ಪೆಟ್ಟಾಗದಿರಲಿ ಎಂದೇ ಹುಟ್ಟಿದ ಆಟವಿದು ಎಂಬುದನ್ನು ನಾವು ಮರೆಯಬಾರದು.

ಈಗ ನಮ್ಮ ಹೊಳವನಹಳ್ಳಿಯ ಹುಡುಗಿಯ ಬಳಿಗೆ ಮರಳೋಣ. ಪೆಟ್ಟಾದ ಆ ಸಂಜೆ ಏನು ಮಾಡಬೇಕಿತ್ತು?

ಮೊದಲನೆಯದು, ಆಟ ನಿಲ್ಲಿಸಬೇಕು. "ಸ್ವಲ್ಪ ನಡೆದಾಡು, ಸರಿಹೋಗುತ್ತದೆ" ಎಂದು ಮತ್ತೆ ಅಂಗಳಕ್ಕೆ ಕಳಿಸಬಾರದು. ಎರಡನೆಯದು, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹದಿನೈದು ನಿಮಿಷ ಇಡಬಹುದು. ನೇರವಾಗಿ ಚರ್ಮದ ಮೇಲೆ ಇಡಬಾರದು. ಮೂರನೆಯದು, ಹಿಡಿತವಿರುವಂತೆ, ಆದರೆ ಪಾದ ಜುಮ್ಮೆನ್ನದಂತೆ, ಎಲಾಸ್ಟಿಕ್ ಪಟ್ಟಿ ಸುತ್ತಬೇಕು. ನಾಲ್ಕನೆಯದು, ಮಲಗಿ, ಕಾಲನ್ನು ದಿಂಬಿನ ಮೇಲೆ ಎದೆಗಿಂತ ಎತ್ತರದಲ್ಲಿ ಇಡಬೇಕು. ಮೊದಲ ಎರಡು ಮೂರು ದಿನ ಬಿಸಿ ಶಾಖ ಬೇಡ, ಎಣ್ಣೆ ಹಚ್ಚಿ ತಿಕ್ಕುವುದು ಬೇಡ. ಒಳಗೆ ರಕ್ತ ಒಸರುತ್ತಿರುವಾಗ ತಿಕ್ಕಿದರೆ ಊತ ಏರುತ್ತದೆ. ನಾನು ಮಾಡಿದ ಮೊದಲ ತಪ್ಪೇ ಅದು.

ನಮ್ಮ ಕಡೆ ಇಂಥ ಹೊತ್ತಿನಲ್ಲಿ ಪುತ್ತೂರು ಕಟ್ಟಿನ ಮಾತು ಬರುತ್ತದೆ. ಹಿರಿಯರ ನಂಬಿಕೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಮೂಳೆ ಮುರಿದದ್ದಕ್ಕೂ ಅಸ್ಥಿರಜ್ಜು ಹರಿದದ್ದಕ್ಕೂ ವ್ಯತ್ಯಾಸವಿದೆ. ಪೂರ್ತಿ ಹರಿದ ಎ.ಸಿ.ಎಲ್. ಸಾಮಾನ್ಯವಾಗಿ ಕಟ್ಟು ಹಾಕಿದ ಮಾತ್ರಕ್ಕೆ ಕೂಡಿಕೊಳ್ಳುವುದಿಲ್ಲ. ವಾರಗಟ್ಟಲೆ ಅಲುಗಾಡದಂತೆ ಕಟ್ಟಿದರೆ ತೊಡೆಯ ಸ್ನಾಯು ಬಡವಾಗುತ್ತದೆ, ಮಂಡಿ ಬಿಗಿದುಕೊಳ್ಳುತ್ತದೆ. ಆದ್ದರಿಂದ ಒಳಗೆ ಏನಾಗಿದೆ ಎಂದು ತಿಳಿಯುವ ಮೊದಲು ಯಾವ ಕಟ್ಟೂ ಬೇಡ.

ಕೆಲವು ಲಕ್ಷಣಗಳನ್ನು ನೀವೆಲ್ಲ ನೆನಪಿಟ್ಟುಕೊಳ್ಳಬೇಕು. 'ಟಪ್' ಎಂಬ ಶಬ್ದ. ಒಂದೆರಡು ಗಂಟೆಯೊಳಗೆ ಬರುವ ದೊಡ್ಡ ಊತ. ನಾಲ್ಕು ಹೆಜ್ಜೆಯೂ ಇಡಲಾಗದ ಸ್ಥಿತಿ. ಮಂಡಿ ಮಡಚಿದಲ್ಲೇ ಸಿಕ್ಕಿಹಾಕಿಕೊಳ್ಳುವುದು. ನಡೆಯುವಾಗ ಮಂಡಿ ಕೈಕೊಟ್ಟಂತಾಗುವುದು. ಇವುಗಳಲ್ಲಿ ಒಂದಿದ್ದರೂ ವೈದ್ಯರಿಗೆ ತೋರಿಸಲೇಬೇಕು. ಪಾದ ತಣ್ಣಗಾದರೆ ಅಥವಾ ಮರಗಟ್ಟಿದರೆ ಆ ಕ್ಷಣವೇ ಹೊರಡಬೇಕು. ಮೊದಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ, ಅಲ್ಲಿಂದ ಕೊರಟಗೆರೆಯ ತಾಲ್ಲೂಕು ಆಸ್ಪತ್ರೆ ಅಥವಾ ತುಮಕೂರಿನ ಜಿಲ್ಲಾ ಆಸ್ಪತ್ರೆ. ಎಕ್ಸ್-ರೇ ತೆಗೆಸಿ ಮೂಳೆ ಸರಿಯಿದೆ ಎಂದರೆ ಎಲ್ಲವೂ ಸರಿಯಿದೆ ಎಂದಲ್ಲ. ಎಕ್ಸ್-ರೇಯಲ್ಲಿ ಅಸ್ಥಿರಜ್ಜು ಕಾಣುವುದಿಲ್ಲ. ಮೂಳೆ ವೈದ್ಯರು ಮಂಡಿಯನ್ನು ಕೈಯಲ್ಲಿ ಹಿಡಿದು ಎಳೆದು ನೋಡಿ ಬಹಳಷ್ಟು ತಿಳಿಯಬಲ್ಲರು, ಅಗತ್ಯವಿದ್ದರೆ ಎಂ.ಆರ್.ಐ. ಮಾಡಿಸುತ್ತಾರೆ. ಖರ್ಚಿನ ಚಿಂತೆಯಿದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಏನು ಸೌಲಭ್ಯವಿದೆ ಎಂದು ಆಸ್ಪತ್ರೆಯಲ್ಲೇ ವಿಚಾರಿಸಿ.

ಎಲ್ಲ ಮಂಡಿನೋವೂ ಇಷ್ಟು ಗಂಭೀರವಲ್ಲ ಎಂಬುದನ್ನೂ ಹೇಳಬೇಕು. ಭರದಿಂದ ಎತ್ತರ ಬೆಳೆಯುವ ವಯಸ್ಸಿನಲ್ಲಿ ಮಂಡಿಚಿಪ್ಪಿನ ಕೆಳಗೆ ಗುಬ್ಬೆಯಂತೆ ಉಬ್ಬಿ ನೋಯುವುದುಂಟು. 1903ರಲ್ಲಿ ಆಸ್‌ಗುಡ್ ಮತ್ತು ಶ್ಲಾಟರ್ ಎಂಬ ಇಬ್ಬರು ವೈದ್ಯರು ಇದನ್ನು ಬೇರೆ ಬೇರೆಯಾಗಿ ವಿವರಿಸಿದರು. ಎಗರುವುದನ್ನು ಕಡಿಮೆ ಮಾಡಿ, ತೊಡೆಯ ಸ್ನಾಯುಗಳ ವ್ಯಾಯಾಮ ಮಾಡಿದರೆ ಬೆಳವಣಿಗೆ ಮುಗಿಯುವ ಹೊತ್ತಿಗೆ ಅದು ಸಾಮಾನ್ಯವಾಗಿ ತಾನೇ ಹೋಗುತ್ತದೆ. ಮಂಡಿಯ ಒಳಬದಿಯ ಅಸ್ಥಿರಜ್ಜಿಗೆ ಆದ ಪೆಟ್ಟು ಕೂಡ ಬಹುಪಾಲು ಶಸ್ತ್ರಚಿಕಿತ್ಸೆಯಿಲ್ಲದೆ ಮಾಯುತ್ತದೆ.

ನಮ್ಮ ಹುಡುಗಿಗೆ ಎ.ಸಿ.ಎಲ್. ಪೂರ್ತಿ ಹರಿದಿದೆ ಎಂದುಕೊಳ್ಳೋಣ. ಎಗರುವ, ತಿರುಗುವ ಆಟಕ್ಕೆ ಮರಳಬೇಕೆನ್ನುವವರಿಗೆ ವೈದ್ಯರು ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆ ಸೂಚಿಸುತ್ತಾರೆ. ಮೂಳೆ ಇನ್ನೂ ಬೆಳೆಯುತ್ತಿರುವವರಲ್ಲಿ ಬೆಳವಣಿಗೆಯ ತಟ್ಟೆಗೆ ಧಕ್ಕೆಯಾಗದಂತೆ ವಿಶೇಷ ಎಚ್ಚರಿಕೆ ವಹಿಸುತ್ತಾರೆ. ರೋಗಿಯ ದೇಹದಿಂದಲೇ, ತೊಡೆಯ ಹಿಂಭಾಗದಿಂದಲೋ ಮಂಡಿಚಿಪ್ಪಿನ ಕೆಳಗಿನಿಂದಲೋ, ಒಂದು ಸ್ನಾಯುರಜ್ಜನ್ನು ತೆಗೆದು ಹರಿದ ಹುರಿಯ ಜಾಗದಲ್ಲಿ ಕೂರಿಸುತ್ತಾರೆ.

ಇಲ್ಲಿಂದ ಮುಂದೆ ನಾನು ಹೇಳುವುದನ್ನು ವಿಶೇಷವಾಗಿ ಗಮನಿಸಿ. ಹೊಸದಾಗಿ ಕೂರಿಸಿದ ಹುರಿ ಮೊದಲ ದಿನವೇ ಜೀವಂತ ಅಸ್ಥಿರಜ್ಜು ಆಗಿಬಿಡುವುದಿಲ್ಲ. ನೆಟ್ಟ ಸಸಿಯಂತೆ ಅದು ಮೊದಲು ಸೊರಗುತ್ತದೆ, ಆಮೇಲೆ ಚಿಗುರುತ್ತದೆ. ಹೊಸ ರಕ್ತನಾಳಗಳು ಅದರೊಳಗೆ ಬೆಳೆಯಬೇಕು, ಎಳೆಗಳು ಮತ್ತೆ ಹೆಣೆದುಕೊಳ್ಳಬೇಕು. ಶಸ್ತ್ರಚಿಕಿತ್ಸೆಯಾದ ಎರಡು ಮೂರು ತಿಂಗಳ ಹೊತ್ತಿಗೆ ಅದು ಅತ್ಯಂತ ದುರ್ಬಲವಾಗಿರುತ್ತದೆ. ನೋವು ಹೋಗಿ, ಊತ ಇಳಿದು, ನಡೆಯಲು ಸಲೀಸಾಗಿ, "ಇನ್ನೇನು, ಆಡಬಹುದು" ಎಂದು ಮನಸ್ಸು ಹೇಳುವುದು ಕೂಡ ಸರಿಯಾಗಿ ಅದೇ ಸಮಯದಲ್ಲಿ! ನೋವು ಒಂದು ಗಂಟೆ ಇದ್ದಂತೆ, ಅಪಾಯವಿದೆ ಎಂದು ಬಾರಿಸುತ್ತದೆ. ಆದರೆ ಗಂಟೆ ನಿಂತ ಮಾತ್ರಕ್ಕೆ ಅಪಾಯ ಮುಗಿಯಿತು ಎಂದಲ್ಲ.

ಹಾಗಾದರೆ ಆ ತಿಂಗಳುಗಳಲ್ಲಿ ಸುಮ್ಮನೆ ಮಲಗಿರಬೇಕೇ? ಖಂಡಿತ ಇಲ್ಲ. ಅವು ದುಡಿಮೆಯ ತಿಂಗಳುಗಳು.

ಮೊದಲ ಮೆಟ್ಟಿಲಿನಲ್ಲಿ ಊತ ಇಳಿಯಬೇಕು, ಮಂಡಿ ಪೂರ್ತಿ ನೆಟ್ಟಗಾಗಬೇಕು, ತೊಡೆಯ ಮುಂಭಾಗದ ಸ್ನಾಯು ಮತ್ತೆ ಎಚ್ಚರಗೊಳ್ಳಬೇಕು. ಚಾಪೆಯ ಮೇಲೆ ಕಾಲು ಚಾಚಿ ಕೂತು, ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು, ಅದನ್ನು ನೆಲಕ್ಕೆ ಒತ್ತಿ ಐದು ಎಣಿಸುವುದು ಮೊದಲ ವ್ಯಾಯಾಮ. ನೋಡಲು ಏನೂ ಅಲ್ಲ, ಮಾಡಿದವರಿಗೆ ಗೊತ್ತು. ಎರಡನೆಯ ಮೆಟ್ಟಿಲು ಬಲದ್ದು: ಅರ್ಧ ಬಸ್ಕಿ, ಜಗಲಿ ಕಟ್ಟೆಯನ್ನು ಹತ್ತಿ ಇಳಿಯುವುದು, ಒಂಟಿ ಕಾಲಿನ ಮೇಲೆ ನಿಲ್ಲುವುದು, ಸೈಕಲ್ ತುಳಿಯುವುದು. ಸುಮಾರು ಮೂರು ನಾಲ್ಕು ತಿಂಗಳ ಮೇಲೆ, ಫಿಸಿಯೋಥೆರಪಿಸ್ಟ್ ಒಪ್ಪಿದರೆ, ನೇರ ದಾರಿಯಲ್ಲಿ ಹಗುರ ಓಟ. ಆಮೇಲೆ ಎರಡು ಕಾಲಿನಲ್ಲಿ ಎಗರಿ ಇಳಿಯುವುದು, ನಂತರ ಒಂದು ಕಾಲಿನಲ್ಲಿ. ಆಮೇಲೆ ಚೆಂಡಿನೊಡನೆ ತಿರುಗುವ ಅಭ್ಯಾಸ, ತಂಡದೊಡನೆ ಅಭ್ಯಾಸ, ಕಟ್ಟಕಡೆಗೆ ಪಂದ್ಯ, ಅದೂ ಮೊದಲು ಕೆಲವೇ ನಿಮಿಷ. ಒಂದು ಮೆಟ್ಟಿಲು ಹತ್ತಿದ ಮರುದಿನ ಮಂಡಿ ಊದಿಕೊಂಡರೆ ಹಿಂದಿನ ಮೆಟ್ಟಿಲಿಗೆ ಮರಳಬೇಕು. ಇದು ಸೋಲಲ್ಲ, ಮಂಡಿ ಆಡಿದ ಮಾತು.

ಮಧುಗಿರಿಯ ಏಕಶಿಲಾ ಬೆಟ್ಟ ಹತ್ತಿದವರಿಗೆ ಒಂದು ಅನುಭವವಿದ್ದೀತು. ಹತ್ತುವಾಗ ಉಸಿರು ಪರೀಕ್ಷೆಗೆ ಒಳಗಾಗುತ್ತದೆ, ಇಳಿಯುವಾಗ ಮಂಡಿ. ಇಳಿಯುವಾಗ ದೇಹದ ಭಾರವನ್ನು ತಡೆದು ತಡೆದು ಬಿಡುವ ಕೆಲಸ ತೊಡೆಯ ಸ್ನಾಯುವಿನದು. ಸ್ನಾಯು ಸೋತರೆ ಆ ಭಾರವೆಲ್ಲ ಕೀಲಿನ ಮೇಲೆ ಬೀಳುತ್ತದೆ. ಬಳೆಯ ಎತ್ತರಕ್ಕೆ ಎಗರಿ ಇಳಿಯುವುದೂ ಹೀಗೆಯೇ. ಆದ್ದರಿಂದ ಮಂಡಿಯನ್ನು ಕಾಯುವುದು ಮಂಡಿಗೆ ಸುತ್ತಿದ ಪಟ್ಟಿಯಲ್ಲ, ಅದರ ಮೇಲಿರುವ ತೊಡೆ.

ಪಂದ್ಯಕ್ಕೆ ಮರಳುವ ದಿನವನ್ನು ನಿರ್ಧರಿಸುವುದು ಹೇಗೆ? ಕ್ಯಾಲೆಂಡರ್ ಒಂದು ಮಾತು ಹೇಳುತ್ತದೆ: ಶಸ್ತ್ರಚಿಕಿತ್ಸೆಯಾಗಿ ಒಂಬತ್ತು ತಿಂಗಳು ತುಂಬುವ ಮೊದಲು ಬೇಡ. ನಾರ್ವೆಯ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂಬತ್ತು ತಿಂಗಳವರೆಗೆ ಆಟವನ್ನು ಮುಂದೂಡಿದ ಪ್ರತಿಯೊಂದು ತಿಂಗಳಿಗೂ ಮಂಡಿಗೆ ಮತ್ತೆ ಪೆಟ್ಟಾಗುವ ಪ್ರಮಾಣ ಸುಮಾರು ಅರ್ಧಕ್ಕೆ ಇಳಿದದ್ದು ಕಂಡುಬಂತು. ಅದೇ ವರ್ಷದ ಮತ್ತೊಂದು ವಿಶ್ಲೇಷಣೆ ಹೇಳುವಂತೆ, ಇಪ್ಪತ್ತೈದರೊಳಗಿನ ಆಟಗಾರರು ಮರಳಿ ಆಡಲಿಳಿದಾಗ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಅದೇ ಮಂಡಿಗೋ ಇನ್ನೊಂದಕ್ಕೋ ಮತ್ತೆ ಇದೇ ಪೆಟ್ಟಾಗುತ್ತದೆ.

ಆದರೆ ಕ್ಯಾಲೆಂಡರ್ ಒಂದೇ ಸಾಲದು. ಮಂಡಿಯೂ ಪರೀಕ್ಷೆ ಪಾಸಾಗಬೇಕು. ಆ ಪರೀಕ್ಷೆಗಳಲ್ಲಿ ಒಂದಕ್ಕೆ ಬೇಕಾಗುವುದು ಒಂದು ಅಳತೆ ಪಟ್ಟಿ, ಒಂದಿಷ್ಟು ರಂಗೋಲಿ ಪುಡಿ. ಗೆರೆ ಎಳೆದು, ಒಂಟಿ ಕಾಲಿನಲ್ಲಿ ಮುಂದಕ್ಕೆ ಕುಪ್ಪಳಿಸಿ, ಅದೇ ಕಾಲಿನ ಮೇಲೆ ಅಲುಗದೆ ನಿಲ್ಲಬೇಕು. ಚೆನ್ನಾಗಿರುವ ಕಾಲು 150 ಸೆಂಟಿಮೀಟರ್ ದಾಟಿತು, ಪೆಟ್ಟಾದ ಕಾಲು 120 ದಾಟಿತು ಎನ್ನೋಣ. ನೂರಕ್ಕೆ ಎಂಬತ್ತಾಯಿತು. ಸಾಲದು, ತೊಂಬತ್ತಾದರೂ ಬೇಕು. ಅಂದರೆ 135 ಸೆಂಟಿಮೀಟರ್. ಇದರ ಜೊತೆಗೆ ತೊಡೆಯ ಬಲ, ಇಳಿಯುವ ರೀತಿ ಎಲ್ಲವನ್ನೂ ನೋಡುತ್ತಾರೆ. ಫಿಸಿಯೋಥೆರಪಿಸ್ಟ್ ಹೇಳುವ ಮೊದಲು ಮನೆಯಲ್ಲಿ ನೀವಾಗಿಯೇ ಇದನ್ನು ಮಾಡಿ ನೋಡಬಾರದು. ಆದರೆ ಹೀಗೊಂದು ಅಳತೆ ಇದೆ ಎಂಬುದು ನಿಮಗೆ ತಿಳಿದಿರಬೇಕು. ಏಕೆಂದರೆ "ಈಗ ಹೇಗಿದೆ?" ಎಂಬ ಪ್ರಶ್ನೆಗೆ "ಚೆನ್ನಾಗಿದೆ" ಎನ್ನುವುದು ಉತ್ತರವಲ್ಲ, 135 ಎನ್ನುವುದು ಉತ್ತರ.

ಇಷ್ಟು ದೀರ್ಘ ಕಾಲ ಕಾಯ್ದು ಯಾರಾದರೂ ಮರಳಿದ್ದಾರೆಯೇ ಎಂದು ನೀವು ಕೇಳಬಹುದು. ಅಮೆರಿಕದ ಪೇಜ್ ಬೆಕರ್ಸ್ ಕಾಲೇಜು ಬ್ಯಾಸ್ಕೆಟ್‌ಬಾಲಿನ ಅಗ್ರ ಆಟಗಾರ್ತಿಯಾಗಿದ್ದವರು. 2022ರ ಆಗಸ್ಟ್‌ನಲ್ಲಿ, ಇಪ್ಪತ್ತನೆಯ ವಯಸ್ಸಿನಲ್ಲಿ, ಅವರ ಎಡ ಮಂಡಿಯ ಎ.ಸಿ.ಎಲ್. ಹರಿಯಿತು. ಮುಂದಿನ ಇಡೀ ಋತುವನ್ನು ಅವರು ಅಂಗಳದ ಅಂಚಿನ ಬೆಂಚಿನ ಮೇಲೆ ಕಳೆದರು. 2023ರ ನವೆಂಬರಿನಲ್ಲಿ ಮರಳಿದರು. 2025ರ ಏಪ್ರಿಲ್‌ನಲ್ಲಿ ಅವರ ಕನೆಕ್ಟಿಕಟ್ ವಿಶ್ವವಿದ್ಯಾನಿಲಯದ ತಂಡ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು. ಅದೇ ತಿಂಗಳು ವೃತ್ತಿಪರ ಲೀಗಿನ ಆಯ್ಕೆಯಲ್ಲಿ ಮೊದಲನೆಯವರಾಗಿ ಆರಿಸಲ್ಪಟ್ಟರು. ನಮಗೆ ಹತ್ತಿರದ ಉದಾಹರಣೆ ಬೇಕಾದರೆ ಕ್ರಿಕೆಟಿಗ ರಿಷಭ್ ಪಂತ್ ಅವರನ್ನು ನೋಡಿ. 2022ರ ಡಿಸೆಂಬರ್ 30ರ ಕಾರು ಅಪಘಾತದಲ್ಲಿ ಅವರ ಮಂಡಿಯ ಅಸ್ಥಿರಜ್ಜುಗಳು ಹರಿದವು. ಮುಂಬೈಯಲ್ಲಿ ಶಸ್ತ್ರಚಿಕಿತ್ಸೆಯಾದ ಮೇಲೆ ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ತಿಂಗಳುಗಟ್ಟಲೆ ದುಡಿದು, 2024ರ ಮಾರ್ಚ್‌ನಲ್ಲಿ ಅವರು ಮೈದಾನಕ್ಕೆ ಮರಳಿದರು. ಆ ವರ್ಷದ ಜೂನ್‌ನಲ್ಲಿ ವಿಶ್ವಕಪ್ ಗೆದ್ದ ತಂಡದಲ್ಲಿ ಅವರಿದ್ದರು. ಅವರಿಗೆ ದೊರೆತ ಸೌಲಭ್ಯ ಹಳ್ಳಿಯ ಹುಡುಗಿಗೆ ಇಲ್ಲ, ನಿಜ. ಆದರೆ ಜಗಲಿ ಕಟ್ಟೆ, ಟವೆಲ್, ಸೈಕಲ್ ಮತ್ತು ದಿನವೂ ಬಿಡದೆ ಮಾಡುವ ಹಟ ಅವಳಿಗೂ ಸಾಧ್ಯವಿದೆ. ತಿಂಗಳಿಗೊಮ್ಮೆ ತುಮಕೂರಿಗೆ ಹೋಗಿ ಫಿಸಿಯೋಥೆರಪಿಸ್ಟ್‌ಗೆ ತೋರಿಸಿ, ಮುಂದಿನ ತಿಂಗಳ ಪಾಠ ಬರೆಸಿಕೊಂಡು ಬರಬಹುದು.

ಊಟಕ್ಕೂ ದೂರ ಹೋಗಬೇಕಾಗಿಲ್ಲ. ನಮ್ಮ ರಾಗಿಯಲ್ಲಿ ನೂರು ಗ್ರಾಂಗೆ 300 ಮಿಲಿಗ್ರಾಂಗೂ ಮಿಕ್ಕಿ ಸುಣ್ಣದ ಅಂಶವಿದೆ. ಮುದ್ದೆಯ ಜೊತೆಗೆ ಹುರುಳಿ ಸಾರು, ಮೊಳಕೆ ಕಾಳು, ಹಾಲು, ಮೊಟ್ಟೆ ತಿನ್ನುವವರಾದರೆ ಮೊಟ್ಟೆ. ಸ್ನಾಯು ಕಟ್ಟುವುದು ಇವುಗಳಿಂದಲೇ.

ಇನ್ನು ಮನಸ್ಸಿನ ವಿಚಾರ. ಪೆಟ್ಟಾದ ಆಟಗಾರ್ತಿಗೆ ಮಂಡಿಗಿಂತ ಹೆಚ್ಚು ನೋಯುವುದು ತಂಡದಿಂದ ದೂರವಾದ ನೋವು. ಎಷ್ಟೋ ಮನೆಗಳಲ್ಲಿ, ವಿಶೇಷವಾಗಿ ಹೆಣ್ಣುಮಕ್ಕಳ ವಿಷಯದಲ್ಲಿ, "ಆಟ ಸಾಕು, ಇನ್ನು ಓದು ನೋಡಿಕೋ" ಎಂಬ ಮಾತು ಬರುತ್ತದೆ. ಆ ಮಾತಿಗೆ ಹೆದರಿಯೇ ಹಲವರು ನೋವನ್ನು ಮುಚ್ಚಿಡುತ್ತಾರೆ. ಮುಚ್ಚಿಟ್ಟದ್ದರಿಂದಲೇ ಪೆಟ್ಟು ದೊಡ್ಡದಾಗುತ್ತದೆ. ಪೋಷಕರಲ್ಲಿ ನನ್ನ ವಿನಂತಿ ಇಷ್ಟೇ: ಮಕ್ಕಳು ನೋವು ಹೇಳಿಕೊಂಡಾಗ ಮೊದಲು ವೈದ್ಯರನ್ನು ಕೇಳಿ, ತೀರ್ಪು ಆಮೇಲೆ ಇರಲಿ. ತಂಡದವರಲ್ಲೂ ಒಂದು ಮಾತು. ಅವಳನ್ನು ಮೈದಾನಕ್ಕೆ ಕರೆಯಿರಿ. ಅಂಕ ಬರೆಯಲಿ, ಎದುರಾಳಿಯ ಆಟ ಗಮನಿಸಿ ಹೇಳಲಿ, ಕುರ್ಚಿಯಲ್ಲಿ ಕೂತು ಚೆಂಡು ಎಸೆಯುವ ಕೈಯನ್ನು ತಿದ್ದಿಕೊಳ್ಳಲಿ. ಮಂಡಿಗೆ ರಜೆ ಇದೆ; ಕಣ್ಣಿಗೂ ಕೈಗೂ ಇಲ್ಲ.

ಪೆಟ್ಟಾಗದವರೂ ಮಾಡಬೇಕಾದದ್ದಿದೆ. ಆಟಕ್ಕೆ ಮೊದಲು ಹದಿನೈದು ನಿಮಿಷ, ವಾರಕ್ಕೆ ಎರಡು ಮೂರು ದಿನವಾದರೂ, ಬಸ್ಕಿ, ಒಂಟಿ ಕಾಲಿನ ಸಮತೋಲ, ಎಗರಿ ಇಳಿಯುವ ಅಭ್ಯಾಸ ಮಾಡಬೇಕು. ಇಳಿಯುವಾಗ ಸದ್ದಾಗದಂತೆ, ಬೆಕ್ಕಿನಂತೆ ಇಳಿಯಿರಿ. ಎರಡೂ ಪಾದದ ಮೇಲೆ, ಮಂಡಿ ಬಾಗಿಸಿ ಇಳಿಯಿರಿ. ಮಂಡಿಗಳು ಒಂದಕ್ಕೊಂದು ಒಳಗೆ ವಾಲದೆ ಪಾದದ ನೇರಕ್ಕೇ ಇರಬೇಕು. ಇಂಥ ಅಭ್ಯಾಸವನ್ನು ಬಿಡದೆ ಮಾಡಿದ ತಂಡಗಳಲ್ಲಿ ಎ.ಸಿ.ಎಲ್. ಪೆಟ್ಟು ಸುಮಾರು ಅರ್ಧದಷ್ಟು ಕಡಿಮೆಯಾಗಿರುವುದು ಕಂಡುಬಂದಿದೆ. ಆಡುವ ಮೊದಲು ಅಂಗಳದ ಕಲ್ಲು, ಗುಂಡಿಗಳನ್ನು ನೋಡಿ ಸರಿಪಡಿಸುವುದೂ ಆಟದ ಭಾಗವೇ.

ಕೊನೆಗೆ ಆ ಹುಡುಗಿಯ ಪ್ರಶ್ನೆ ಉಳಿದಿದೆ: "ಸಾರ್, ನೋವಿಲ್ಲ. ಆಡಲಾ?" ನನ್ನ ಉತ್ತರ ಇದು: "ಇಲ್ಲ ಮಗು, ಈ ಸಲದ ಪಂದ್ಯ ಬೇಡ. ಮೊದಲು ಮಂಡಿಯನ್ನು ತೋರಿಸೋಣ. ಪಂದ್ಯ ಮುಂದಿನ ವರ್ಷವೂ ಇದೆ, ಪದವಿಪೂರ್ವ ಕಾಲೇಜಿನಲ್ಲೂ ಇದೆ. ಈ ಮಂಡಿ ಮಾತ್ರ ಎಂಬತ್ತು ವರ್ಷಕ್ಕೆ ಒಂದೇ." ಆ ಸಂಜೆ ಅವಳು ಅಳಬಹುದು, ಅಳಲಿ. ಮರುದಿನ ಅವಳ ಕೈಗೆ ಅಂಕದ ಪುಸ್ತಕ ಕೊಟ್ಟು, ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಕೂರಿಸಿಕೊಳ್ಳುತ್ತೇನೆ.